ಗುಳಿಗೆ ಇಟ್ಟ ಗೋದಾಮು

ಬೆಕ್ಕು ಮನೆಯಲ್ಲಿಲ್ಲ ಎಂದು ಗೊತ್ತಾದಾಗ, ಹುಳು ಸಾಯಿಸುವ ವಿಷದ ಗುಳಿಗೆ ಇಟ್ಟು ತೊಗರಿ ಗೋದಾಮಿನ ಷಟರ್ ಇಳಿಸಿ ಎರಡು ತಾಸಾಗಿತ್ತು. ಮಾಳಿಗೆ, ಮಂಚದ ಕೆಳಗೆ, ಬಟ್ಟೆಯ ಕಪಾಟು ಎಲ್ಲ ಹುಡುಕಿ ಸೋತ ಮನೆಗೆಲಸದ ಚಂದ್ರಾಬಾಯಿಯ ಕಣ್ಣು ಕೊನೆಗೆ ಅಂಗಳದಾಚೆಯ ಆ ಷಟರಿನ ಮೇಲೆ ಹೋಗಿ ನಿಂತಿತು. ಬೆಳಿಗ್ಗೆ ನವಾಬನ ಮೈ ಬಾಚಿ, ಹಣಿಗೆಯ ಕೂದಲು ಕೊಡವಲು ಹೊರಗೆ ಬಂದವಳು ಹಿತ್ತಿಲ ಬಾಗಿಲು ಮುಂದೆ ಮಾಡಿದ್ದಳೇ? ಎಷ್ಟು ನೆನೆದರೂ ನೆನಪಾಗಲಿಲ್ಲ.

ನವಾಬ ಊರ ಬೆಕ್ಕಲ್ಲ. ನಾರಾಯಣಖೇಡದ ಈ ಕಾಳು ವ್ಯಾಪಾರದ ಅಡತಿ ಮನೆಗೆ ಸೊಸೆಯಾಗಿ ಬಂದ ಮನೀಷಾ ಹೈದರಾಬಾದಿನ ತವರಿನಿಂದ ತಂದ ಬ್ರಿಟಿಷ್ ಶಾರ್ಟ್‌ಹೇರ್. ಮಳೆಮೋಡದ ಬೂದು ಬಣ್ಣ, ಮಖಮಲ್ಲಿನಂಥ ಗಿಡ್ಡ ಕೂದಲು, ಉಬ್ಬಿದ ಕೆನ್ನೆಯ ದುಂಡು ಮುಖದಲ್ಲಿ ತಾಮ್ರದ ಬಣ್ಣದ ಕಣ್ಣು. ಐದೂವರೆ ಕಿಲೊ ಮೈಯ ಸೋಮಾರಿ; ಎತ್ತಿಕೊಂಡರೆ ಸೇರದು, ಕೂಗುವುದಂತೂ ಅಪರೂಪ. ಆದರೆ ಹಣಿಗೆ ಕಂಡರೆ ತಾನೇ ಬಂದು ಚಂದ್ರಾಬಾಯಿಯ ಮುಂದೆ ಬೆನ್ನು ಒಡ್ಡುತ್ತಿತ್ತು. “ಇವನ ಮುತ್ತಜ್ಜಂದಿರು ವಿಲಾಯತಿಯೊಳಗ ಕಾಳಿನ ಕಣಜದಾಗ ಇಲಿ ಹಿಡೀತಿದ್ರಂತ. ಲಡಾಯಿ ಕಾಲಕ್ಕ ಕುಲಾನೇ ಅಳಿಯಾಕ ಬಂದಿತ್ತು, ಉಳಿದವನ್ನ ಹುಡುಕಿ ಹುಡುಕಿ ಬೆಳಸ್ಯಾರ,” ಎಂದು ಮನೀಷಾ ಹೇಳಿದಾಗ ಚಂದ್ರಾಬಾಯಿ ನಕ್ಕಿದ್ದಳು: “ಹಂಗಾದ್ರ ಇವಾ ನಮ್ಮ ಹಮಾಲರ ಪೈಕೀನೇ ಬಿಡ್ರಿ ಅಕ್ಕಾರ.” ಈಚೆಗೆ ಇಲಿಯ ವಾಸನೆ ಹಿಡಿದು ಗೋದಾಮಿನ ಬಾಗಿಲ ತನಕ ಹೋಗುವುದನ್ನೂ ಕಲಿತಿತ್ತು.

“ಒಳಗೇ ಹೋಗ್ಯಾನ! ಷಟರ್ ತೆಗೀರಿ ಪಾಂಡಪ್ಪಾ!” ಮನೀಷಾ ಬರಿಗಾಲಲ್ಲೇ ಅಂಗಳಕ್ಕೆ ಓಡಿ ಬಂದಳು.

ಪಾಂಡಪ್ಪ ಚಂದ್ರಾಬಾಯಿಯ ಗಂಡ. ಆ ಗೋದಾಮಿನಲ್ಲಿ ಚೀಲ ಹೊರುವ ಹಮಾಲ. ಹುಳುವಿನ ಗುಳಿಗೆ ಇಟ್ಟ ಮೇಲೆ ತೊಗರಿ ಚೀಲಗಳ ಒಟ್ಟಿಲಿಗೆ ದಪ್ಪ ಪ್ಲಾಸ್ಟಿಕ್ ಹೊದಿಸಿ, ಗುಳಿಗೆಯ ವಿಷಗಾಳಿ ಹೊರಹೋಗದಂತೆ ಅಂಚಿನ ಸುತ್ತ ಮರಳಿನ ಚೀಲ ಹೇರಿದವನು ಅವನೇ. “ಹೊದಿಕಿ ಒಳಗೇ ಸಿಕ್ಕೊಂಡಿದ್ರ ತಾನಾಗಿ ಬರಾಕ ಆಗಂಗಿಲ್ರಿ,” ಎಂದ. “ಯಾರರೆ ಹೋಗಿ ಮರಳು ಸರಿಸಿ ಎತ್ತಬೇಕು.”

ಗುಳಿಗೆ ಇಟ್ಟುಹೋದ ದೇವಿದಾಸನಿಗೆ ಮನೀಷಾ ಫೋನು ಹಚ್ಚಿದಳು. ವಿಷಗಾಳಿ ತಡೆಯುವ ಮುಖವಾಡ ಇದ್ದದ್ದು ಅವನೊಬ್ಬನ ಹತ್ತಿರ. ಅವನಾಗಲೇ ಜಹೀರಾಬಾದು ಮುಟ್ಟಿದ್ದ. “ಯಾರೂ ಒಳಗ ಕಾಲಿಡಬ್ಯಾಡ್ರಿ. ಆ ಗಾಳಿ ಮನಿಶ್ಯಾನ್ನೂ ಬಿಡಂಗಿಲ್ಲ. ನಾ ಬರ್ತೀನಿ, ಒಂದೂವರಿ ತಾಸು ಹಿಡೀತದ,” ಎಂದ.

“ಅಷ್ಟೊತ್ತು ಅವ ಉಳೀತಾನೇನು?” ಮನೀಷಾ ಷಟರಿಗೆ ಹಣೆ ಹಚ್ಚಿ ಅತ್ತಳು. “ಎರಡು ನಿಮಿಷದ ಕೆಲಸ ಅಲ್ಲೇನ್ರಿ ಪಾಂಡಪ್ಪಾ?”

ಪಾಂಡಪ್ಪ ಹೆಗಲ ಮೇಲಿನ ಟವೆಲು ತೆಗೆದು ನೀರಿನ ಬಕೆಟ್ಟಿಗೆ ಅದ್ದಿದ. “ನೋಡದೇ ಹೊದಿಸಿದ್ದು ನಾನೇ. ಉಸಿರು ಹಿಡಿದು ಹೋಗಿ ಜಲ್ದಿ ಬಂದ್ಬಿಡ್ತೀನಿ.”

ಹೋದ ವರ್ಷ ಪಕ್ಕದ ಗೋದಾಮಿನ ಕಾಶಪ್ಪ ಕೂಡ ಇದೇ ಮಾತಾಡಿದ್ದ. ಒಳಗೆ ಮರೆತ ಮೊಬೈಲು ತರಲು ಹೋದವನನ್ನು ಕಾಲು ಹಿಡಿದು ಹೊರಗೆ ಎಳೆದಿದ್ದರು. ಆಸ್ಪತ್ರೆ ಮುಟ್ಟುವುದರೊಳಗೆ ಜೀವ ಹೋಗಿತ್ತು. ಎಳೆದವರಲ್ಲಿ ಪಾಂಡಪ್ಪನೂ ಒಬ್ಬ. ಈಗ ಅದೇ ಗಂಡ ಒದ್ದೆ ಟವೆಲು ಹಿಂಡಿ ಮೂಗಿಗೆ ಕಟ್ಟಿಕೊಳ್ಳುತ್ತಿದ್ದಾನೆ.

“ನಿಂದರ್ರಿ!” ಚಂದ್ರಾಬಾಯಿ ಅಡ್ಡ ಬಂದಳು. “ಒಳಗ ಅದಾನೋ ಇಲ್ಲೋ ಯಾರ್ ನೋಡ್ಯಾರ? ಸುಮ್ಮನೆ ಜೀವ ಯಾಕ ಕಳ್ಕೋತೀರಿ? ನಾ ಕೇಳಿ ಹೇಳ್ತೀನಿ, ಸರೀರಿ.” ಇಬ್ಬರನ್ನೂ ಹಿಂದೆ ಸರಿಸಿ, ಸಂದಿ ಮುಚ್ಚಲು ಷಟರಿಗೆ ಅಂಟಿಸಿದ ಕಾಗದದ ಪಟ್ಟಿಯ ಮೇಲೆ ಕಿವಿ ಇಟ್ಟಳು. ಕಬ್ಬಿಣ ಬಿಸಿಲಿಗೆ ಕಾದು ಸುಡುತ್ತಿತ್ತು.

ಮೊದಲು ಏನೂ ಇರಲಿಲ್ಲ. ಅವಳಿಗೆ ಒಂದು ಉಸಿರು ಬಂತು. ಆಮೇಲೆ ಒಳಗೆ, ದೂರದಲ್ಲಿ, ಪ್ಲಾಸ್ಟಿಕ್ ಪರಪರ ಎಂದಿತು. ಅದರ ಹಿಂದೆಯೇ ಎಳೆಯಂಥ ಒಂದು ಕೂಗು. ಮತ್ತೊಂದು. ಹೂಂ ಅಂದರೆ ಷಟರ್ ಏಳುತ್ತದೆ. ಷಟರ್ ಎದ್ದರೆ ಈ ಮನುಷ್ಯ ಯಾರು ಹಿಡಿದರೂ ನಿಲ್ಲುವವನಲ್ಲ.

“ಏನ್ ಕೇಳಸ್ತದ?” ಪಾಂಡಪ್ಪ ಕೇಳಿದ.

ಅವಳು ನೆಟ್ಟಗೆ ನಿಂತು ಮುಖದ ಬೆವರು ಸೆರಗಿನಿಂದ ಒರೆಸಿಕೊಂಡಳು. “ಏನೂ ಇಲ್ರಿ. ಒಳಗಿಲ್ಲ ಅವಾ. ಬಸ್ ಸ್ಟ್ಯಾಂಡಿನ ಕಡಿ ಹೋಗ್ಯಾನೇನೋ, ನಡೀರಿ ಅಕ್ಕಾರ, ಬೀದ್ಯಾಗ ಹುಡುಕೋಣು.” ಮನೀಷಾಳ ಕೈ ಹಿಡಿದು, ಗಂಡನನ್ನು ಮುಂದಕ್ಕೆ ದೂಡಿಕೊಂಡು ಗೇಟಿನ ಕಡೆ ಹೊರಟಳು. “ನವಾಬ್! ಏ ನವಾಬ್!” ಎಂದು ದೊಡ್ಡ ದನಿಯಲ್ಲಿ ಕರೆದಳು.

ಹೆಸರು ಕೇಳಿ ಒಳಗಿನದು ಓಗೊಟ್ಟಿತು. ಅದು ಕೇಳಿಸದಂತೆ ಚಂದ್ರಾಬಾಯಿ ಇನ್ನೂ ಜೋರಾಗಿ ಕರೆದಳು.