ಗುರುವಾರ ಪಾತ್ರೆ ತೊಳೆಯುವ ಗಂಡ

ನಸೀಫ್ ಮತ್ತೆ ಪಾತ್ರೆ ತೊಳೆಯುತ್ತಿದ್ದ. ಅಡುಗೆಮನೆಯ ಬಾಗಿಲಲ್ಲಿ ನಿಂತ ಇರೀನಿಯ ಎದೆ ಧಸಕ್ಕೆಂದಿತು.

ಮದುವೆಯಾಗಿ ಹತ್ತೊಂಬತ್ತು ವರ್ಷ. ತಾನು ಕುಡಿದ ಚಹಾದ ಲೋಟವನ್ನೂ ಎತ್ತಿಡದ ಮಹಾಶಯ. ಈಗ ಆರು ವಾರದಿಂದ, ಪ್ರತಿ ಗುರುವಾರ ಸಂಜೆ ಎಲ್ಲಿಗೋ ಹೋಗಿ ಬಂದು, ಅಂಗಿಯ ತೋಳು ಮಡಚಿ ತಳ ಹಿಡಿದ ಪಾತ್ರೆಯನ್ನು ಉಜ್ಜುತ್ತಾನೆ. ಜೊತೆಗೆ ಗುನುಗು ಬೇರೆ. ಮೇಜಿನ ಮೇಲೆ ಬಸ್ಬೂಸಾ ಮಿಠಾಯಿಯ ಪೊಟ್ಟಣ.

"ಇದ್ಯಾಕೆ ತಂದೆ?"

"ನಿನಗಿಷ್ಟ ಅಲ್ವಾ, ನನ್ನ ಕಣ್ಣೇ?"

"ಹತ್ತೊಂಬತ್ತು ವರ್ಷದಿಂದ ಇಷ್ಟ. ಈಗ ನೆನಪಾಯ್ತಾ?"

ನಸೀಫ್ ಇನ್ನೊಂದು ತಟ್ಟೆ ಎತ್ತಿಕೊಂಡ.

ಎದುರು ಮನೆಯ ಬಹೀಗಾ ಕೇಳಿದ ಕೂಡಲೇ ತೀರ್ಪು ಕೊಟ್ಟಳು. "ಗಂಡಸು ಸುಮ್ಮಸುಮ್ಮನೆ ಒಳ್ಳೇವನಾಗಲ್ಲ ಕಣೇ. ಎಲ್ಲೋ ಕೊಳೆ ಮಾಡ್ಕೊಂಡು ಬಂದು ಇಲ್ಲಿ ತೊಳೀತಿದಾನೆ."

ಮರುದಿನ ಬಾಲ್ಕನಿಯಲ್ಲಿ ಅವನು ಫೋನಿನಲ್ಲಾಡಿದ ಪಿಸುಮಾತು ಕಿವಿಗೆ ಬಿತ್ತು. "ಗುರುವಾರ ಬಂದೇ ಬರ್ತೀನಿ. ಇಲ್ಲಿ ಗೊತ್ತಾದ್ರೆ ತಲೆ ಎತ್ತೋ ಹಾಗಿಲ್ಲ. ಹತ್ತೊಂಬತ್ತು ವರ್ಷದ ನಂಟು, ಯಾವ ಬಾಯಲ್ಲಿ ಹೇಳ್ಲಿ?"

ಇರೀನಿ ಬೆರಳಿನ ಉಂಗುರ ತಿರುಗಿಸಿದಳು. ಒಳಗೆ ನಸೀಫನ ಹೆಸರು ಕೊರೆದಿತ್ತು. ಪಾದ್ರಿ ಅಬೂನಾ ಶಾರೂಬೀಮರೇ ಇಬ್ಬರ ತಲೆಗೂ ಕಿರೀಟ ಇಟ್ಟು, ಹಣೆಗೆ ಹಣೆ ತಾಗಿಸಿ ಮಾಡಿದ ಮದುವೆ. ಕಿಬ್ತಿ ಕ್ರೈಸ್ತರಲ್ಲಿ ಒಮ್ಮೆ ಕಿರೀಟ ಇಟ್ಟರೆ ಇಟ್ಟ ಹಾಗೆಯೇ, ಸಾಯುವ ತನಕ. ಗಂಡ ಕೈತಪ್ಪಿದರೆ ಅವಳಿಗೆ ಬೇರೆ ದಾರಿ ಇರಲಿಲ್ಲ. ಸಾಲದ್ದಕ್ಕೆ, ಆ ಪೆದ್ದನೆಂದರೆ ಅವಳಿಗೆ ಇವತ್ತಿಗೂ ಪ್ರಾಣ.

ಕಷ್ಟ ಹೇಳಿಕೊಳ್ಳಬೇಕೆಂದರೆ ಅಬೂನಾ ಶಾರೂಬೀಮರ ಬಳಿ ಹೋಗಬೇಕು. ಶುಬ್ರಾ ಬಡಾವಣೆಯ ಆ ಇಡೀ ಬೀದಿಯ ಪಾಪನಿವೇದನೆ ಕೇಳುವವರು ಅವರೇ. ಆದರೆ ಅವರಿಗೆ ಕಿವಿ ಮಂದ. ಚರ್ಚಿನ ಮೂಲೆಯಲ್ಲಿ ಪಕ್ಕ ಕೂತು ಪಿಸುಗುಟ್ಟಿದ್ದನ್ನು ಅವರು ಬೀದಿಗೆ ಕೇಳುವಂತೆ ತಿರುಗಿ ಕೇಳುತ್ತಿದ್ದರು. "ಏನಮ್ಮಾ? ಅತ್ತೆಯ ಚಹಾಕ್ಕೆ ಉಪ್ಪು ಹಾಕಿದೆಯಾ?" ಎಂದು ಅವರು ಗುಡುಗಿದ ದಿನ ಇರೀನಿಯ ಅತ್ತೆ ಎರಡೇ ಬೆಂಚು ಹಿಂದೆ ಕೂತಿದ್ದರು. "ಏನಪ್ಪಾ? ಮೂರನೇ ಮಹಡಿಯ ವಿಧವೆಯನ್ನಾ?" ಎಂದಾಗ ಪಾಪ, ದರ್ಜಿ ಇನ್ನೂ "ನೋಡಿದೆ, ಅಷ್ಟೇ" ಎಂದು ಮುಗಿಸಿರಲಿಲ್ಲ. ಅಂದಿನಿಂದ ಅವನು ಕಣ್ಣು ಮುಚ್ಚಿಕೊಂಡೇ ಮೆಟ್ಟಿಲು ಹತ್ತುತ್ತಾನೆ. ಪ್ರಾರ್ಥನೆಯ ನಡುವೆ ಹೆಂಗಸರ ಸಾಲಲ್ಲಿ ಯಾರೋ ಚಾಕಲೇಟಿನ ಕಾಗದ ಬಿಚ್ಚಿದರೂ ಬಲಿಪೀಠದ ಪರದೆಯ ಹಿಂದಿನಿಂದ ಗದರುವ ಅಬೂನಾ, ಪಾಪದ ವಿಷಯಕ್ಕೆ ಬಂದರೆ ಪೂರಾ ಕಿವುಡು.

ಅಲ್ಲಿ ಬಾಯಿ ಬಿಟ್ಟರೆ ಮಾನ ಮೂರಾಬಟ್ಟೆ. ಇರೀನಿ ತಾನೇ ಹಿಂಬಾಲಿಸುವುದೆಂದು ನಿರ್ಧರಿಸಿದಳು.

ಗುರುವಾರ ನಸೀಫ್ ಮೆಟ್ರೋ ಹತ್ತಿದ. ಅವಳು ಪಕ್ಕದ ಹೆಂಗಸರ ಬೋಗಿಯಲ್ಲಿ ನುಸುಳಿದಳು. ದೂರದ ಬಡಾವಣೆಯೊಂದರಲ್ಲಿ ಇಳಿದವನು ಅಂಗಡಿಯ ಗಾಜಿನೆದುರು ನಿಂತು ಮೀಸೆ ತೀಡಿಕೊಂಡ. ಯಾರಿಗಾಗಿ ಈ ಮೀಸೆ? ಇರೀನಿ ಹಲ್ಲು ಕಚ್ಚಿದಳು. ಆಮೇಲೆ ಅವನು ಸಣ್ಣದೊಂದು ಚರ್ಚಿನ ಗೇಟು ದಾಟಿದ.

ದೇವರ ಮನೆಯಲ್ಲೇ ಭೇಟಿ! ಎಂಥ ಎದೆಗಾರಿಕೆ!

ಒಳಗೆ ಹಿಂದಿನ ಬೆಂಚಿನಲ್ಲಿ ನಸೀಫ್ ಕೂತಿದ್ದ. ಅದೇ ಬೆಂಚಿನ ತುದಿಯಲ್ಲಿ ಹಸಿರು ಶಾಲಿನ ಹೆಂಗಸೊಬ್ಬಳು. ಇರೀನಿ ಚಪ್ಪಲಿ ಕೈಗೆ ತೆಗೆದುಕೊಂಡಳು.

"ಯಾರೋ ಇವಳು?"

ಹಸಿರು ಶಾಲು ಬೆಚ್ಚಿ ಸರಿಯಿತು. "ಅಕ್ಕಾ, ಇವರಾದ ಮೇಲೆ ನನ್ನ ಸರದಿ. ನನಗೆ ಗೊತ್ತಿರೋದು ಇಷ್ಟೇ."

"ಸರದಿಯಾ?"

ನಸೀಫ್ ಎದ್ದು ಎರಡೂ ಕೈ ಮೇಲೆತ್ತಿದ. "ಕನ್ಯೆ ಮರಿಯಳಾಣೆ, ನಿನಗೆ ದ್ರೋಹ ಮಾಡಿಲ್ಲ ಕಣೇ! ಮಾಡಿದ್ದು ಅಬೂನಾ ಶಾರೂಬೀಮರಿಗೆ!"

ಚಪ್ಪಲಿ ಅರ್ಧದಲ್ಲೇ ನಿಂತಿತು.

"ಪಾಪ ಹೇಳ್ಕೊಳ್ಳೋಕೆ ಬೇರೆ ಪಾದ್ರೀನ ಹಿಡಿದೀನಿ," ಎಂದ ಅವನು ತಗ್ಗಿದ ದನಿಯಲ್ಲಿ. "ಇಲ್ಲಿನ ಅಬೂನಾ ಲೂಕಾ ಫೋನಲ್ಲೂ ಮೆತ್ತಗೇ ಮಾತಾಡ್ತಾರೆ. ಪ್ರಾಯಶ್ಚಿತ್ತಕ್ಕೆ ಪಾತ್ರೆ ತೊಳಿ, ಹೆಂಡತಿಗೆ ಸಿಹಿ ತಗೊಂಡ್ಹೋಗು ಅಂತಾರೆ."

"ಯಾವ ಪಾಪಕ್ಕೆ?"

"ನಿನ್ನ ಮೇಲೆ ರೇಗಾಡೋದಕ್ಕೆ. ಅಲ್ಲಿ ಹೇಳಿದ್ರೆ ಇಡೀ ಶುಬ್ರಾಕ್ಕೆ ಡಂಗುರ. ನಮ್ಮ ಮದುವೆ ಮಾಡಿಸಿದ ಮುದುಕರಿಗೆ ಯಾವ ಬಾಯಲ್ಲಿ ಹೇಳ್ಲಿ, ನಿಮ್ಮನ್ನ ಬಿಟ್ಟೆ ಅಂತ?"

ಇರೀನಿಗೆ ಅಳು, ನಗು ಒಟ್ಟಿಗೇ ಬಂದವು. ಚಪ್ಪಲಿ ಕೆಳಗೆ ಬಿಟ್ಟು, ಗಂಡನ ಪಕ್ಕ ಕುಸಿದು ಕೂತು, ಅವನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಆಮೇಲೆ ಅವನ ಕಿವಿಗೆ ಬಾಯಿ ಹಚ್ಚಿ ಉಸಿರಿನಷ್ಟೇ ಸಣ್ಣಗೆ ಹೇಳಿದಳು. "ಇನ್ಮೇಲೆ ನಾನೂ ಇಲ್ಲಿಗೇ ಬರ್ತೀನಿ. ಆ ಕಿವುಡಜ್ಜನಿಗೆ ಗೊತ್ತಾದ್ರೆ ಎದೆ ಒಡ್ಕೊಳ್ತಾರೆ."

ಎಂಟು ಸಾಲು ಮುಂದೆ, ಸರದಿಯ ಮೊದಲ ಬೆಂಚಿನಲ್ಲಿ, ಕಪ್ಪು ಪೇಟವೊಂದು ಹಿಂದಕ್ಕೆ ತಿರುಗಿತು. ಪಾದ್ರಿಗಳೂ ಇನ್ನೊಬ್ಬ ಪಾದ್ರಿಗೆ ಪಾಪ ಹೇಳಿಕೊಳ್ಳಲೇಬೇಕು ಎಂಬುದು ಅವರಿಬ್ಬರಿಗೂ ಮರೆತೇ ಹೋಗಿತ್ತು.

ಅಬೂನಾ ಶಾರೂಬೀಮ್ ಎದ್ದು ಬಂದರು. ಅತ್ತಿತ್ತ ನೋಡಿದರು. ಹತ್ತೊಂಬತ್ತು ವರ್ಷದಲ್ಲಿ ಒಮ್ಮೆಯೂ ಕೇಳಿರದಷ್ಟು ಮೆಲುದನಿಯಲ್ಲಿ ಹೇಳಿದರು:

"ಎದೆ ಒಡೆಯಲ್ಲಮ್ಮಾ, ಆದರೆ ನನ್ನ ಗುಡುಗಿಗೆ ಹೆದರಿ ಬೀದೀಲಿ ಇವತ್ತಿನವರೆಗೆ ಒಂದು ಸಂಸಾರಾನೂ ಒಡೆದಿಲ್ಲ, ದರ್ಜಿ ನಿನ್ನೇನೂ ಕಣ್ಣು ಮುಚ್ಕೊಂಡೇ ಮೆಟ್ಟಿಲು ಹತ್ತಿದಾನೆ, ಅದಕ್ಕೇ, ನನಗೆ ಕಿವಿ ಚೆನ್ನಾಗಿ ಕೇಳಿಸುತ್ತೆ ಅಂತ ಮಾತ್ರ ಯಾರಿಗೂ ಹೇಳಬೇಡಿ."