ಹೋಲಿಕೆಗೆ ಉಳಿದವಳು

ವೈದ್ಯರು ಎರಡು ವರದಿಗಳನ್ನು ಮೇಜಿನ ಮೇಲಿಟ್ಟಾಗ ತಂಜೀಲಾ ಮೊದಲು ಓದಿದ್ದು ತನ್ನದನ್ನಲ್ಲ, ಪಕ್ಕದಲ್ಲಿ ಕುಳಿತಿದ್ದ ಗೆಳತಿ ನವ್ಯಶ್ರೀಯದನ್ನು. ಅವಳ ಎರಡೂ ಕಣ್ಣುಗಳಲ್ಲಿ ಪೊರೆ ಮೂಡಿತ್ತು. "ನಲವತ್ತೆರಡಕ್ಕೇ ಪೊರೆ ಅಂದ್ರೆ, ಬಾಹ್ಯಾಕಾಶದ ವಿಕಿರಣದ ಪರಿಣಾಮ ಇರಬಹುದಮ್ಮ," ಎಂದರು ವೈದ್ಯರು.

ದೊಡ್ಡಬಳ್ಳಾಪುರದ ಒಂದೇ ಶಾಲೆಯಲ್ಲಿ ಓದಿ, ಒಟ್ಟಿಗೇ ತರಬೇತಿ ಪಡೆದ ಇಬ್ಬರಲ್ಲಿ ನವ್ಯಶ್ರೀ ಗಗನಕ್ಕೇರಿದ್ದಳು. ತಂಜೀಲಾ ಬದಲಿ ಗಗನಯಾತ್ರಿಯಾಗಿ ನೆಲದಲ್ಲೇ ಉಳಿದಿದ್ದಳು. ಅಂದಿನಿಂದ ಪ್ರತಿವರ್ಷದ ತಪಾಸಣೆಯಲ್ಲಿ ಹೋದವಳ ದೇಹವನ್ನು ಅಳೆಯಲು ಹೋಗದವಳ ದೇಹವೇ ಅಳತೆಗೋಲು. ಆ ಅವಮಾನದ ಹೊಟ್ಟೆಕಿಚ್ಚು ಇಂದು ಮೊದಲ ಬಾರಿಗೆ ತಣಿಯಿತು. ಗೆಳತಿಯ ಕಣ್ಣು ಮಂಜಾಗುವುದನ್ನು ತನ್ನ ಗೆಲುವೆಂದು ಎಣಿಸುವುದು ಎಂತಹ ನೀಚತನ! ಆದರೂ ಅವಳು ಎಣಿಸಿದಳು. ಯಾವ ದೋಷವೂ ಇಲ್ಲದ ತನ್ನ ವರದಿಯನ್ನು ಬೇಕೆಂದೇ ನವ್ಯಶ್ರೀಯ ಮುಂದೆ ಸರಿಸಿ, ಆ ಮುಖದಲ್ಲಿ ಅಸೂಯೆ ಮೂಡುವುದನ್ನೇ ಕಾದು ಕುಳಿತಳು.

"ನಮ್ಮಜ್ಜಿಗೇ ಇನ್ನೂ ಪೊರೆ ಬಂದಿಲ್ಲ, ನಂಗೆ ಬಂದ್ಬಿಡ್ತು ನೋಡು!" ಎಂದಳು ನವ್ಯಶ್ರೀ. "ಅಕ್ಷರ ಮಸುಕಾಗಿ ಕಾಣುತ್ತೆ. ನಿಂದೇನಂತೆ, ನೀನೇ ಹೇಳೇ."

"ನಂಗೇನೂ ಆಗಿಲ್ಲ."

"ಸದ್ಯ! ನಿಂಗೂ ಬಂದಿದ್ರೆ ಏನ್ ಗತಿ ಅಂತ ಬೆಳಗ್ಗೆಯಿಂದ ಭಯ ಬಿದ್ದಿದ್ದೆ ಕಣೇ," ಎಂದು ನವ್ಯಶ್ರೀ ಅವಳ ಕೈಯನ್ನು ಎರಡೂ ಕೈಗಳಿಂದ ಹಿಡಿದುಕೊಂಡಳು.

ತಂಜೀಲಾಗೆ ತಲೆಯೆತ್ತಿ ಅವಳ ಮುಖ ನೋಡಲಾಗಲಿಲ್ಲ.