ಬೆನ್ನ ಹಿಂದಿನ ಅಮ್ಮ

ತುಮಕೂರಿನಲ್ಲಿ ಈಗ ಜನ ರವಿಕೆಗೆ ಅಳತೆ ಕೊಟ್ಟಷ್ಟೇ ಸಲೀಸಾಗಿ ಕಿವಿಯ ಅಳತೆಯನ್ನೂ ಕೊಡುತ್ತಾರೆ. ತೀರಿಹೋದವರ ದನಿ ಮೊಬೈಲಿನಲ್ಲಿ ಉಳಿದಿದ್ದರೆ ಸಾಕು, ಅದನ್ನು ಆ ಅಳತೆಗೆ ಹೊಂದಿಸಿಕೊಡುತ್ತಾರೆ. ಹೆಡ್‌ಫೋನ್ ಹಾಕಿಕೊಂಡರೆ ಅವರು ಕೋಣೆಯಲ್ಲೇ ಕೂತು ಮಾತಾಡಿದ ಹಾಗಿರುತ್ತದೆ. ವಾರಿಜಾ ತನ್ನ ಅಮ್ಮನ ದನಿಯನ್ನು ತಂದಿದ್ದಳು.

ಅಂಗಡಿಯ ಮುನೀರಣ್ಣ ಅವಳ ಓಲೆ ಬಿಚ್ಚಿಸಿ, ಎರಡೂ ಕಿವಿ ಅಳೆದು, ಹೆಡ್‌ಫೋನ್ ಕೊಟ್ಟ.

"ಅಮ್ಮ ಎಲ್ಲವ್ರೆ, ಕೈ ತೋರ್ಸಮ್ಮ."

ವಾರಿಜಾ ಬೆನ್ನ ಹಿಂದಕ್ಕೆ ತೋರಿಸಿದಳು.

"ಅಯ್ಯೋ, ನಾನು ಎದುರಿಗೆ ಕೂರ್ಸಿದ್ರೆ ಹಿಂದಕ್ಕೆ ಹೋಗ್ಬಿಟ್ರಾ! ಹಿಂಗಾಗೋದು ಮಾಮೂಲು. ತಾಳು, ಮುಂದಕ್ಕೆ ಕರೀತೀನಿ."

"ಬೇಡಣ್ಣ," ಎಂದಳು ವಾರಿಜಾ, ಮೆಲ್ಲಗೆ. "ಅದು ಅಮ್ಮ ನಂಗೆ ಜಡೆ ಹಾಕ್ತಿದ್ದಾಗಿನ ಮಾತು. ಹಿಂದೇನೇ ಇರ್ಲಿ."

ಮುನೀರಣ್ಣ ಯಂತ್ರದ ಗುಂಡಿಯಿಂದ ಕೈ ತೆಗೆದ. "ಹಂಗಾದ್ರೆ ತಿರುಗಿ ಮಾತ್ರ ನೋಡ್ಬೇಡಮ್ಮ. ತಿರುಗಿದ್ರೆ ದನಿ ಎದುರಿಗಿರುತ್ತೆ, ಅವರಿರಲ್ಲ."

ವಾರಿಜಾ ಜಡೆ ಬಿಚ್ಚಿ ಕೂದಲನ್ನು ಬೆನ್ನ ಮೇಲೆ ಹರಡಿಕೊಂಡಳು. ಒಂದೇ ಒಂದು ಸಲ ತಿರುಗಿಬಿಡುವ ಆಸೆಗೆ ಕತ್ತು ಅರ್ಧ ಹೊರಳಿತು.

"ಅಲ್ಲಾಡ್ಬೇಡ ಕಣೇ, ಬೈತಲೆ ಸೊಟ್ಟಗಾಗುತ್ತೆ," ಎಂದಳು ಅಮ್ಮ.

ವಾರಿಜಾ ಅಲ್ಲಾಡಲಿಲ್ಲ.